ಗಾಜಿಗೆ ಅರ್ಧ ಲೀಟರ್, ಕೊಳೆಗೆ ಎಂಟೂವರೆ

ಕಿಟಕಿ ಒರೆಸುವುದಕ್ಕೂ ಒಂದು ವಿಶ್ವದಾಖಲೆ ಇದೆ. ಬ್ರಿಟನ್ನಿನ ಟೆರಿ ಬರೋಸ್ 2009ರಲ್ಲಿ ಸಾಲಾಗಿ ನಿಲ್ಲಿಸಿದ ಮೂರು ಕಿಟಕಿಗಳನ್ನು 9.14 ಸೆಕೆಂಡುಗಳಲ್ಲಿ ಒರೆಸಿ ಮುಗಿಸಿದರು. ಅಂದರೆ ಒಂದು ಕಿಟಕಿಗೆ ಮೂರು ಸೆಕೆಂಡು ಚಿಲ್ಲರೆ. ‘ಟರ್ಬೊ’ ಎಂಬ ಅಡ್ಡಹೆಸರು ಅವರಿಗೆ ಸುಮ್ಮನೆ ಅಂಟಿಕೊಂಡದ್ದಲ್ಲ. ಕಿಟಕಿಗಳೇನೂ ಅಂಗೈಯಗಲದವಲ್ಲ, ಒಂದೊಂದರ ಉದ್ದ ಅಗಲ ಎರಡೂ 114.3 ಸೆಂ.ಮೀ. ಕೈಯಲ್ಲಿರುವ ವೈಪರ್ 30 ಸೆಂ.ಮೀ.ನದು. ಗಾಜಿನ ಮೇಲೆ ನೀರಿನ ಗೆರೆ ಉಳಿದರೆ ಒಂದೊಂದಕ್ಕೂ ಅರ್ಧ ಸೆಕೆಂಡು ದಂಡ. ಪಕ್ಕದಲ್ಲಿ ಬಕೆಟ್, ಅದರಲ್ಲಿ 9 ಲೀಟರ್ ನೀರು.

ಈ 9 ಲೀಟರ್ ಎಂಬ ಅಂಕಿಯನ್ನು ಸ್ವಲ್ಪ ಕೆದಕಿ ನೋಡಬಹುದು. ಮೂರೂ ಕಿಟಕಿ ಸೇರಿ ಗಾಜಿನ ವಿಸ್ತೀರ್ಣ ನಾಲ್ಕು ಚದರ ಮೀಟರಿಗೆ ತುಸು ಕಡಿಮೆ. ಒದ್ದೆ ಮಾಡಿದ ಗಾಜಿನ ಮೇಲೆ ನೀರಿನ ಪದರ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪ ಇದೆ ಎಂದು ಹಿಡಿದರೆ, ಒಂದು ಚದರ ಮೀಟರಿಗೆ ಬೇಕಾದದ್ದು 100 ಮಿ.ಲೀ. ಮೂರು ಕಿಟಕಿಗೂ ಸೇರಿ ಅರ್ಧ ಲೀಟರ್ ಕೂಡ ಬೇಡ. ಹಾಗಾದರೆ ಉಳಿದ ಎಂಟೂವರೆ ಲೀಟರ್ ಅಲ್ಲಿ ಏನು ಮಾಡುತ್ತಿದೆ?

ಸ್ಪರ್ಧೆಯಲ್ಲಿ ಏನೂ ಮಾಡುವುದಿಲ್ಲ. ಆದರೆ ನಿಜವಾದ ಕೆಲಸದ ದಿನದಲ್ಲಿ ಆ ಎಂಟೂವರೆ ಲೀಟರೇ ಮುಖ್ಯ. ಗಾಜಿಗೆ ಹೋಗುವ ನೀರು ಅಲ್ಪ. ಬಕೆಟ್‌ನಲ್ಲಿ ಉಳಿಯುವ ನೀರಿನ ಕೆಲಸ ಒಂದೇ: ಗಾಜಿನಿಂದ ಬಂದ ಕೊಳೆಯನ್ನು ತನ್ನಲ್ಲಿ ಕರಗಿಸಿಕೊಂಡು, ತಳಕ್ಕಿಳಿಸಿಕೊಂಡು, ಅದು ಮತ್ತೆ ಮುಂದಿನ ಗಾಜಿಗೆ ಹತ್ತದಂತೆ ನೋಡಿಕೊಳ್ಳುವುದು. ಈ ಕಸುಬಿನವರು ಇಡೀ ದಿನ ಲೆಕ್ಕ ಹಾಕುವುದು ಇದನ್ನೇ. ನೀರು ಎಷ್ಟಿದೆ ಎನ್ನುವುದಕ್ಕಿಂತ ಅದು ಇನ್ನೆಷ್ಟು ಕೊಳೆ ತಾಳುತ್ತದೆ ಎನ್ನುವುದೇ ಅವರ ಚಿಂತೆ.

ಕೆಲಸ ಹತ್ತಿರದಿಂದ ಹೀಗಿರುತ್ತದೆ. ಟಿ ಆಕಾರದ ಹಿಡಿಗೆ ಜುಂಗು ಜುಂಗಾದ ಬಟ್ಟೆಯ ಚೀಲವೊಂದನ್ನು ತೊಡಿಸಿರುತ್ತಾರೆ, ಅದು ಮಾಪ್. ಅದನ್ನು ನೀರಿನಲ್ಲಿ ಅದ್ದಿ, ಬೆರಳುಗಳ ನಡುವೆ ಒಮ್ಮೆ ಜಾರಿಸಿ, ತೊಟ್ಟಿಕ್ಕುವ ನೀರು ಬಕೆಟ್‌ಗೇ ಬೀಳುವಂತೆ ಹಿಂಡುತ್ತಾರೆ. ಪೂರ್ತಿ ಹಿಂಡಿದರೆ ಗಾಜು ಒಣಗಿಯೇ ಉಳಿಯುತ್ತದೆ, ಹಿಂಡದೇ ಹಚ್ಚಿದರೆ ನೀರು ಚೌಕಟ್ಟಿನ ಸಂದಿಗಿಳಿದು ಆಮೇಲೆ ಹನಿಹನಿಯಾಗಿ ಹೊರಬರುತ್ತದೆ. ಎಷ್ಟು ಹಿಂಡಬೇಕು ಎಂಬುದು ಬೆರಳಿಗೆ ಗೊತ್ತು. ಗಾಜಿನ ಅಂಚುಗಳನ್ನು ಮೊದಲು, ಮಧ್ಯವನ್ನು ಆಮೇಲೆ ಉಜ್ಜುತ್ತಾರೆ. ಅದರ ಹಿಂದೆಯೇ ವೈಪರ್ ಬರುತ್ತದೆ. ಮೇಲಿನ ಮೂಲೆಯಿಂದ ಹಾವಿನಂತೆ ಬಳುಕುತ್ತ, ಒಮ್ಮೆಯೂ ಗಾಜನ್ನು ಬಿಡದೆ ಕೆಳಗಿನ ಮೂಲೆಗೆ. ರಬ್ಬರಿನ ತುದಿಗೆ ಬಂದ ಕೊಳೆನೀರನ್ನು ಸೊಂಟಕ್ಕೆ ಸಿಕ್ಕಿಸಿದ ಬಟ್ಟೆಗೆ ಒರೆಸುತ್ತಾರೆ, ಬಕೆಟ್‌ಗೆ ಅದ್ದುವುದಿಲ್ಲ. ಹೊಸಬರು ಎಡವುವುದು ಇಲ್ಲಿಯೇ. ವೈಪರ್ ಸಂಗ್ರಹಿಸಿದ್ದು ಗಾಜಿನ ಅತಿ ಕೊಳಕಾದ ನೀರು. ಅದನ್ನು ಬಟ್ಟೆ ಕುಡಿದರೆ ಬಕೆಟ್‌ನ ಆಯಸ್ಸು ಹೆಚ್ಚುತ್ತದೆ.

ಈ ವೈಪರ್ ಬಂದದ್ದು ತೊಂಬತ್ತು ವರ್ಷಗಳ ಈಚೆಗೆ. ಅದಕ್ಕೂ ಮುಂಚೆ ಅಮೆರಿಕದಲ್ಲಿ ‘ಚಿಕಾಗೊ’ ಎಂದು ಕರೆಯುತ್ತಿದ್ದ ಉಕ್ಕಿನ ಭಾರಿ ಸಾಧನವಿತ್ತು. ಅದರ ಎರಡು ರಬ್ಬರು ಪಟ್ಟಿಗಳನ್ನು ಬದಲಿಸಲು ಹನ್ನೆರಡು ಸ್ಕ್ರೂ ಬಿಚ್ಚಬೇಕಿತ್ತು. ಇಟಲಿಯಿಂದ ವಲಸೆ ಬಂದು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ ಕಿಟಕಿ ಒರೆಸುತ್ತಿದ್ದ ಎತ್ತೋರೆ ಸ್ಟೆಕೋನೆಗೆ ಅದು ಸಾಕಾಗಿತ್ತು. 1936ರಲ್ಲಿ ಆತ ಹಿತ್ತಾಳೆಯ ಹಗುರ ಹಿಡಿಗೆ ಒಂದೇ ಒಂದು ರಬ್ಬರು ಪಟ್ಟಿ ಸಿಕ್ಕಿಸಿದ ಟಿ ಆಕಾರದ ವೈಪರ್ ರೂಪಿಸಿದ. ಇವತ್ತು ಅಂಗಡಿಯಲ್ಲಿ ಸಿಗುವ ವೃತ್ತಿಪರ ವೈಪರುಗಳೆಲ್ಲ ಅದೇ ಕುಲದವು. ಅದೇ 1936ರಲ್ಲಿ ಇಂಗ್ಲೆಂಡಿನಲ್ಲಿ ಜಾರ್ಜ್ ಫಾರ್ಮ್‌ಬಿ ಎಂಬ ಹಾಸ್ಯಗಾಯಕ, ಕಿಟಕಿ ಒರೆಸುವವನಿಗೆ ಗಾಜಿನಾಚೆ ಕಾಣುವ ಮಲಗುವ ಕೋಣೆಯ ದೃಶ್ಯಗಳನ್ನೇ ಹಾಡು ಮಾಡಿ ಮನೆಮಾತಾದ. ಕಸುಬಿಗೆ ಒಂದೇ ವರ್ಷ ಉಪಕರಣವೂ ಸಿಕ್ಕಿತು, ಅಪಖ್ಯಾತಿಯೂ ಸಿಕ್ಕಿತು.

ವೈಪರಿನಂತೆ ಬಕೆಟ್ಟಿನ ಆಕಾರವೂ ಬದಲಾಗಿದೆ. ದುಂಡನೆಯ ಬಕೆಟ್‌ನಲ್ಲಿ 45 ಸೆಂ.ಮೀ. ಉದ್ದದ ಮಾಪ್ ಅಡ್ಡಲಾಗಿ ಮುಳುಗುವುದಿಲ್ಲ. ಆಯತಾಕಾರದ ಉದ್ದ ಬಕೆಟ್‌ನಲ್ಲಾದರೆ ಒಂದೇ ಸಲಕ್ಕೆ ತೋಯುತ್ತದೆ, ಅದೂ ಕಡಿಮೆ ನೀರಿನಲ್ಲಿ. ಇಪ್ಪತ್ತು ಮೂವತ್ತು ಲೀಟರ್ ಹಿಡಿಯುವ ಬಕೆಟ್ ಇದ್ದರೂ ಅದನ್ನು ಯಾರೂ ತುಂಬಿಸುವುದಿಲ್ಲ. ಮೂರನೇ ಒಂದು ಭಾಗ, ಹೆಚ್ಚೆಂದರೆ ಅರ್ಧ. ನೀರಿನ ಒಂದು ಲೀಟರ್ ಎಂದರೆ ಒಂದು ಕಿಲೋ, ದಿನವಿಡೀ ಅದನ್ನು ಹೊತ್ತು ತಿರುಗುವ ಭುಜಕ್ಕೆ ಈ ಗಣಿತ ಬೇಗ ಅರ್ಥವಾಗುತ್ತದೆ.

ಬ್ರಿಟನ್ನಿನ ಸಣ್ಣ ಊರಿನ ಪೇಟೆಬೀದಿಯಲ್ಲಿ ಕಿಟಕಿ ಒರೆಸುವವನ ದಿನ ಅಂಗಡಿ ಬಾಗಿಲು ತೆರೆಯುವ ಮುಂಚೆಯೇ ಆರಂಭವಾಗುತ್ತದೆ. ನೀರು ವ್ಯಾನಿನ ಕ್ಯಾನುಗಳಲ್ಲಿ ಮನೆಯಿಂದಲೇ ಬಂದಿರುತ್ತದೆ, ಅಥವಾ ಗೊತ್ತಿರುವ ಗಿರಾಕಿಯ ಹಿತ್ತಲ ನಲ್ಲಿಯಿಂದ. ಯಾರ ನಲ್ಲಿ ಕೇಳಬಹುದು, ಯಾರದು ಕೇಳಬಾರದು ಎಂಬುದು ಸುತ್ತಿನ ಭೂಗೋಳದಲ್ಲೇ ಸೇರಿರುತ್ತದೆ. ಕಿಟಕಿಗಳ ಸರದಿಯನ್ನೂ ನೀರೇ ನಿರ್ಧರಿಸುತ್ತದೆ. ವಾರವಾರ ಒರೆಸುವ ಪುಸ್ತಕದಂಗಡಿ, ಬ್ಯಾಂಕಿನ ಗಾಜು ಮೊದಲು. ಅಲ್ಲಿ ಧೂಳಿನ ತೆಳುಪದರ, ಮಕ್ಕಳ ಬೆರಳ ಗುರುತು ಬಿಟ್ಟರೆ ಏನಿಲ್ಲ, ಹತ್ತಾರು ಗಾಜು ಒರೆಸಿದರೂ ನೀರು ಮಾಸುವುದಿಲ್ಲ. ಮೀನು ಕರಿಯುವ ಅಂಗಡಿ ಕೊನೆಗೆ. ಎಣ್ಣೆಯ ಹೊಗೆ ಕುಳಿತ ಗಾಜಿಗೆ ಉಜ್ಜಿದ ಮಾಪ್ ಒಮ್ಮೆ ಬಕೆಟ್‌ಗೆ ಮರಳಿತೆಂದರೆ ಆ ನೀರಿನಿಂದ ಇನ್ನೊಂದು ಅಂಗಡಿ ಒರೆಸುವ ಹಾಗಿಲ್ಲ. ಮನೆಗಳಲ್ಲಿಯೂ ಅಷ್ಟೆ. ಒಳಗಿನ ಗಾಜು ಮೊದಲು, ಹೊರಗಿನದು ಆಮೇಲೆ. ಇದಕ್ಕೊಂದು ಅಪವಾದ ಸಿಗರೇಟು ಸೇದುವವರ ಮನೆ. ಅಲ್ಲಿ ಒಳಗಿನ ಗಾಜು ಒರೆಸಿದ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ.

ಹೊಸದಾಗಿ ಕಟ್ಟಿದ ಮನೆ ಇನ್ನೂ ಕಷ್ಟ. ಸಿಮೆಂಟು, ಸುಣ್ಣ, ಪ್ಲಾಸ್ಟರಿನ ಪುಡಿ, ಬಣ್ಣದ ಹನಿ. ಅನುಭವಿಗಳು ಅಲ್ಲಿ ಮೊದಲು ಒಣ ಬ್ರಷ್ಷಿನಿಂದ ಚೌಕಟ್ಟಿನ ಧೂಳು ಹೊಡೆದು, ಆಮೇಲೆಯೇ ನೀರು ಮುಟ್ಟುತ್ತಾರೆ. ಕೊಳೆ ಬಕೆಟ್‌ಗೆ ಬಂದ ಮೇಲೆ ಗೋಳಾಡುವುದಕ್ಕಿಂತ ಬರದಂತೆ ನೋಡಿಕೊಳ್ಳುವುದು ಸುಲಭ ತಾನೆ. ಇಷ್ಟಾದರೂ ನಾಲ್ಕೈದು ಕಿಟಕಿಗೊಮ್ಮೆ ನೀರು ಚೆಲ್ಲಬೇಕಾಗಬಹುದು.

ನೀರು ಯಾವಾಗ ಬದಲಿಸಬೇಕು? ಇದಕ್ಕೆ ಗಡಿಯಾರದ ನಿಯಮವಿಲ್ಲ, ಕಣ್ಣಿನ ನಿಯಮವಿದೆ. ಬಕೆಟ್ಟಿನ ತಳ ಕಾಣುತ್ತಿದೆಯೇ? ಕಾಣದಿದ್ದರೆ ಚೆಲ್ಲುವ ಹೊತ್ತು. ಆದರೆ ಬಣ್ಣಗೆಟ್ಟ ನೀರಿಗಿಂತ ಅಪಾಯದ್ದು ತಳದಲ್ಲಿ ಕೂತ ಮರಳು. ಗಾಜಿನ ಗಡಸುತನ ಮೋಸ್ ಮಾಪಕದಲ್ಲಿ ಐದೂವರೆಯಿಂದ ಆರು. ಸಾಮಾನ್ಯ ಮರಳಿನಲ್ಲಿರುವ ಸ್ಫಟಿಕಶಿಲೆಯದು ಏಳು. ಅಂದರೆ ಮಾಪಿನ ಜುಂಗಿನಲ್ಲಿ ಸಿಕ್ಕಿಕೊಂಡ ಒಂದೇ ಒಂದು ಮರಳಿನ ಕಣ ಗಾಜಿನ ಮೇಲೆ ಗೀರು ಎಳೆಯಬಲ್ಲದು. ನೀರಿನ ಕಲೆಯಾದರೆ ಮತ್ತೆ ಒರೆಸಿದರೆ ಹೋಗುತ್ತದೆ, ಗೀರು ಹೋಗುವುದಿಲ್ಲ, ಗಾಜಿನ ಬೆಲೆ ತೆರಬೇಕು. ಹಾಗಾಗಿಯೇ ಕೆಲವರು ಬಕೆಟ್ಟಿನ ತಳದಿಂದ ಮೂರು ನಾಲ್ಕು ಬೆರಳು ಮೇಲಕ್ಕೆ ಜಾಲರಿಯೊಂದನ್ನು ಇಡುತ್ತಾರೆ. ಮರಳು ಜಾಲರಿಯ ಕೆಳಗೆ, ಮಾಪ್ ಮೇಲೆ. ಇನ್ನು ಕೆಲವರದು ಎರಡು ಬಕೆಟ್ಟಿನ ಪದ್ಧತಿ: ಒಂದರಲ್ಲಿ ಮಾಪ್ ಜಾಲಿಸುವುದು, ಇನ್ನೊಂದರಲ್ಲಿ ಅದ್ದುವುದು. ಕೊಳೆ ಹೆಚ್ಚಿದ್ದಲ್ಲಿ ಇದು ಒಳ್ಳೆಯದೇ, ಆದರೆ ಎರಡು ಬಕೆಟ್ ಹೊತ್ತು ಏಣಿ ಹಿಡಿಯುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರವಿಲ್ಲ.

ಬಕೆಟ್‌ಗೆ ಬೀಳುವ ಸೋಪಿನ ಪ್ರಮಾಣವನ್ನು ಹೊರಗಿನವರು ಸದಾ ಹೆಚ್ಚಾಗಿ ಊಹಿಸುತ್ತಾರೆ. ಹತ್ತು ಲೀಟರಿಗೆ ಒಂದೆರಡು ಚಮಚ ಪಾತ್ರೆ ತೊಳೆಯುವ ದ್ರಾವಣ, ಅಷ್ಟೇ. ಅದು ಮಾಡುವ ಕೆಲಸ ಎರಡು. ಒಂದು, ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸಿ, ಜಿಡ್ಡಿನ ಗಾಜಿನ ಮೇಲೆ ನೀರು ಮಣಿಮಣಿಯಾಗಿ ನಿಲ್ಲದೆ ಹಾಳೆಯಂತೆ ಹರಡುವ ಹಾಗೆ ಮಾಡುವುದು. ಎರಡು, ರಬ್ಬರಿಗೆ ಜಾರು ಕೊಡುವುದು. ಸೋಪು ತೀರ ಕಡಿಮೆಯಾದರೆ ವೈಪರ್ ಗಾಜಿನ ಮೇಲೆ ಕೀರ್ ಎಂದು ಕಿರುಚಿ, ತಡೆತಡೆದು ಹೋಗಿ, ಪಟ್ಟಿಪಟ್ಟಿ ಗೆರೆ ಬಿಡುತ್ತದೆ. ಹೆಚ್ಚಾದರೆ ನೊರೆ ರಬ್ಬರಿನ ಹಿಂದೆ ಉಳಿದು ಒಣಗುತ್ತದೆ. ಮಧ್ಯಾಹ್ನದ ಹೊತ್ತಿಗೆ ವೈಪರ್ ಕಿರುಚತೊಡಗಿದರೆ ಹಳಬರು ಅದನ್ನು ಸೋಪು ಸೋತದ್ದರ ಸೂಚನೆ ಎಂದು ಓದುತ್ತಾರೆ. ಸೋಪಿನ ಬಹುಪಾಲು ಕೊಳೆಯ ಜೊತೆ ಸೇರಿಹೋಗಿದೆ ಎಂದರ್ಥ. ಆಗ ಸೋಪು ಸುರಿಯುವುದಕ್ಕಿಂತ ನೀರು ಬದಲಿಸುವುದೇ ಸರಿ.

ಹವೆಯ ಆಟ ಬೇರೆ. ಉರಿಬಿಸಿಲಿನಲ್ಲಿ ಮಾಪ್ ಹಚ್ಚಿ ವೈಪರ್ ಎತ್ತುವಷ್ಟರಲ್ಲಿ ಗಾಜು ಒಣಗಿರುತ್ತದೆ. ಅದಕ್ಕೇ ನೆರಳನ್ನು ಹಿಂಬಾಲಿಸುವುದು: ಬೆಳಿಗ್ಗೆ ಪಶ್ಚಿಮದ ಗೋಡೆ, ಮಧ್ಯಾಹ್ನದ ಮೇಲೆ ಪೂರ್ವದ್ದು. ಕೆನಡಾದಲ್ಲಿ, ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಚಳಿಗಾಲಕ್ಕೆ ಸಮಸ್ಯೆ ತಿರುಗುಮುರುಗು. ಬಕೆಟ್‌ನಲ್ಲಿ ನೀರು ನೀರಾಗಿಯೇ ಇದ್ದರೂ ಗಾಜಿಗೆ ಹಚ್ಚಿದ ತೆಳು ಪದರ ಕ್ಷಣದಲ್ಲಿ ಮಂಜುಗಟ್ಟುತ್ತದೆ. ಅಲ್ಲಿನವರು ಬಕೆಟ್‌ಗೆ ಸ್ಪಿರಿಟ್ಟನ್ನೋ ಕಾರಿನ ವೈಪರಿಗೆ ಹಾಕುವ ಚಳಿಗಾಲದ ದ್ರಾವಣವನ್ನೋ ಬೆರೆಸುತ್ತಾರೆ. ಐದನೇ ಒಂದು ಪಾಲು ಆಲ್ಕೋಹಾಲ್ ಬೆರೆತ ನೀರು ಸುಮಾರು ಮೈನಸ್ 9 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ. ಕೊಲ್ಲಿಯಲ್ಲಿ ಇನ್ನೊಂದು ತೆರನ ಕಟ್ಟುಪಾಡು. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಿಸಿಲಿನಲ್ಲಿ ಹೊರಗೆ ಕೆಲಸ ಮಾಡಿಸುವಂತಿಲ್ಲ. ದುಬೈಯಲ್ಲಿ ದುಡಿಯುವ ಕರಾವಳಿ ಕನ್ನಡಿಗರಿಗೆ ಈ ‘ಮಿಡ್‌ಡೇ ಬ್ರೇಕ್’ ಪರಿಚಿತ. ಅಲ್ಲಿಯ ಬುರ್ಜ್ ಖಲೀಫಾದ ಗಾಜು 24 ಸಾವಿರ ಫಲಕಗಳಿಗೂ ಹೆಚ್ಚು. ಒಂದು ಸುತ್ತು ಒರೆಸಿ ಮುಗಿಸಲು 36 ಮಂದಿಗೆ ಮೂರ್ನಾಲ್ಕು ತಿಂಗಳು ಬೇಕು ಎಂದು ಕಟ್ಟಡ ತೆರೆದಾಗ ಲೆಕ್ಕ ಕೊಟ್ಟಿದ್ದರು. ಕೊನೆಯ ಗಾಜು ಒರೆಸುವ ಹೊತ್ತಿಗೆ ಮೊದಲನೆಯದರ ಮೇಲೆ ಮರುಭೂಮಿಯ ಧೂಳು ಮತ್ತೆ ಕೂತಿರುತ್ತದೆ.

ಎತ್ತರಕ್ಕೆ ಹೋದಂತೆ ಬಕೆಟ್ಟಿನ ಲೆಕ್ಕ ಬಿಗಿಯಾಗುತ್ತದೆ. ನೆಲದ ಮೇಲಿದ್ದರೆ ನೀರು ಕೆಟ್ಟಾಗ ನಲ್ಲಿಗೆ ನಡೆದು ಹೋಗಬಹುದು. ಹಗ್ಗದ ಮೇಲಿದ್ದರೆ ಆಗದು. ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳ ಮೇಲೆ ಕಾಣುವ ಹುಡುಗರನ್ನು ನೋಡಿ. ಒಬ್ಬೊಬ್ಬರಿಗೂ ಎರಡು ಹಗ್ಗ ಇರಬೇಕೆಂಬುದು ಈ ಕೆಲಸದ ಅಂತರರಾಷ್ಟ್ರೀಯ ನಿಯಮ, ಒಂದು ಇಳಿಯಲು, ಇನ್ನೊಂದು ಮೊದಲನೆಯದು ಕೈಕೊಟ್ಟರೆ ಹಿಡಿಯಲು. ಕೂರಲು ಹಲಗೆ. ಪಕ್ಕದಲ್ಲಿ ನೇತಾಡುವ ಸಣ್ಣ ಬಕೆಟ್. ವೈಪರ್, ಮಾಪ್, ಬ್ಲೇಡು, ಬಕೆಟ್ ಎಲ್ಲಕ್ಕೂ ದಾರ ಕಟ್ಟಿರಬೇಕು. ಮೇಲಿನಿಂದ ಜಾರಿದ ವೈಪರ್ ಕೆಳಗಿನವರ ತಲೆಗೆ ಬಂದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ.

ಅವರು ನೀರನ್ನು ತಾರಸಿಯಲ್ಲೇ ತುಂಬಿಕೊಳ್ಳುತ್ತಾರೆ. ಎರಡು ಮೀಟರ್ ಅಗಲದ ಪಟ್ಟಿಯೊಂದನ್ನು ಹಿಡಿದು 40 ಮೀಟರ್ ಕೆಳಗಿಳಿಯುವುದಾದರೆ ಗಾಜು 80 ಚದರ ಮೀಟರ್. ಮೇಲೆ ಹಾಕಿದ 100 ಮಿ.ಲೀ. ಲೆಕ್ಕದಲ್ಲಿ ಅದಕ್ಕೆ ಎಂಟು ಲೀಟರ್. ತುಂಬಿದ ಬಕೆಟ್ ಭಾರ, ಗಾಳಿಗೆ ತೂಗಾಡುತ್ತದೆ, ಗಾಜಿಗೆ ಬಡಿಯುತ್ತದೆ. ಕಡಿಮೆ ತುಂಬಿದರೆ ಹದಿನೈದನೇ ಮಹಡಿಗೆ ಶುರುವಾದ ಕೆಲಸ ಆರನೆಯದರ ಹೊತ್ತಿಗೆ ಕೆಸರು ನೀರಿನಲ್ಲಿ ನಡೆಯುತ್ತದೆ. ಮೇಲಿನಿಂದ ಕೆಳಗೆ ಬರುವುದರಿಂದ ಮೇಲಿನ ಗಾಜಿನ ಹನಿ ಕೆಳಗಿನ ಒರೆಸದ ಗಾಜಿನ ಮೇಲೆ ಬೀಳುತ್ತದೆ, ಅದರಿಂದ ತೊಂದರೆಯಿಲ್ಲ. ಆದರೆ ಬಕೆಟ್ಟಿನ ನೀರು ಮಾತ್ರ ಇಳಿದಷ್ಟೂ ಮಂದವಾಗುತ್ತ, ಅತಿ ಹೆಚ್ಚು ಜನ ನೋಡುವ ಕೆಳಗಿನ ಮಹಡಿಗಳಿಗೆ ಅತಿ ಕೊಳಕಾಗಿ ತಲುಪುತ್ತದೆ. ನೆಲದ ಅಂತಸ್ತನ್ನು ಕೊನೆಗೆ ಬೇರೆ ನೀರಿನಲ್ಲಿ ಒರೆಸುವುದು ಅದಕ್ಕೇ.

ಬಕೆಟ್ಟನ್ನೇ ಬಿಟ್ಟುಕೊಟ್ಟವರೂ ಇದ್ದಾರೆ. ಬ್ರಿಟನ್ನಿನಲ್ಲಿ 2005ರಲ್ಲಿ ಎತ್ತರದ ಕೆಲಸಗಳ ಸುರಕ್ಷತಾ ನಿಯಮಗಳು ಜಾರಿಯಾದವು. ತಪ್ಪಿಸಲು ಸಾಧ್ಯವಿದ್ದರೆ ಎತ್ತರಕ್ಕೆ ಹತ್ತಲೇಬೇಡಿ ಎನ್ನುವುದು ಅವುಗಳ ಸಾರ. ಅಲ್ಲಿಂದೀಚೆಗೆ ಏಣಿ ಬಿಟ್ಟು ಉದ್ದನೆಯ ಕೋಲು ಹಿಡಿದವರು ಹೆಚ್ಚಿದರು. ಕೋಲಿನ ತುದಿಯಲ್ಲಿ ಬ್ರಷ್, ಅದರೊಳಗಿಂದ ಸಣ್ಣ ಪೈಪು, ಪೈಪಿನ ಬುಡ ವ್ಯಾನಿನಲ್ಲಿರುವ ನೂರಾರು ಲೀಟರಿನ ಟ್ಯಾಂಕಿಗೆ. ನೆಲದಲ್ಲೇ ನಿಂತು ನಾಲ್ಕನೇ ಮಹಡಿಯ ಗಾಜು ಉಜ್ಜಿ, ಚಿಮುಕಿಸಿ, ಹಾಗೇ ಬಿಟ್ಟು ಹೋಗುತ್ತಾರೆ. ಸೋಪಿಲ್ಲ, ವೈಪರಿಲ್ಲ, ಒರೆಸುವುದೂ ಇಲ್ಲ. ತಾನೇ ಒಣಗಬೇಕು, ಕಲೆಯೂ ಉಳಿಯಬಾರದು.

ಇದರ ಗುಟ್ಟು ನೀರಿನ ಶುದ್ಧತೆ. ಬೆಂಗಳೂರಿನ ಮನೆಗಳಿಗೆ ಟಿಡಿಎಸ್ ಮೀಟರ್ ಹೊಸತಲ್ಲ. ನೀರು ಶುದ್ಧೀಕರಣ ಯಂತ್ರ ಮಾರಲು ಬಂದವನು ಪೆನ್ನಿನಂಥ ಆ ಕಡ್ಡಿಯನ್ನು ನಮ್ಮದೇ ಲೋಟಕ್ಕೆ ಅದ್ದಿ ಗಾಬರಿ ಹುಟ್ಟಿಸಿರುತ್ತಾನೆ. ಅದು ತೋರಿಸುವುದು ಒಂದು ಲೀಟರಿನಲ್ಲಿ ಕರಗಿರುವ ಲವಣಗಳನ್ನು, ಮಿಲಿಗ್ರಾಂ ಲೆಕ್ಕದಲ್ಲಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ ಒಪ್ಪುವ ಮಿತಿ 500, ಬೇರೆ ಮೂಲವಿಲ್ಲದಿದ್ದರೆ 2,000ದವರೆಗೂ ಸೈ. ಈಗ ಗಾಜಿಗೆ ಬನ್ನಿ. 500 ಟಿಡಿಎಸ್ ಇರುವ ನೀರಿನ 100 ಮಿ.ಲೀ. ಒಂದು ಚದರ ಮೀಟರ್ ಗಾಜಿನ ಮೇಲೆ ಹಾಗೇ ಒಣಗಿದರೆ 50 ಮಿಲಿಗ್ರಾಂ ಲವಣ ಅಲ್ಲೇ ಉಳಿಯುತ್ತದೆ. ಕಣ್ಣಿಗೆ ಅದು ಬಿಳಿ ಚುಕ್ಕಿ, ಬಿಳಿ ಗೆರೆ. ಟಿಡಿಎಸ್ಸನ್ನು ಹತ್ತರೊಳಗೆ ಇಳಿಸಿದರೆ ಉಳಿಯುವುದು ಒಂದು ಮಿಲಿಗ್ರಾಮೂ ಅಲ್ಲ, ಕಣ್ಣಿಗೆ ಬೀಳದು. ಕೋಲಿನವರು ವ್ಯಾನಿನಲ್ಲೇ ಆರ್‌ಒ ಘಟಕ, ಅದರಾಚೆ ಉಳಿದ ಲವಣ ಹೀರುವ ರಾಳದ ಮಣಿಗಳ ಕೊಳವೆ ಇಟ್ಟುಕೊಂಡಿರುತ್ತಾರೆ. ಬೆಳಿಗ್ಗೆ ಟಿಡಿಎಸ್ ನೋಡದೆ ಮನೆ ಬಿಡುವುದಿಲ್ಲ.

ಬಕೆಟ್ಟಿನವನಿಗೆ ಈ ಚಿಂತೆ ಕಡಿಮೆ, ಅವನು ನೀರನ್ನು ಒಣಗಲು ಬಿಡುವುದೇ ಇಲ್ಲ, ಲವಣದ ಸಮೇತ ವೈಪರಿನಲ್ಲಿ ಎಳೆದು ಬಿಡುತ್ತಾನೆ. ನೀರಿನ ಗುಣ ಕೆಟ್ಟದಾದಷ್ಟೂ ಕೈಯ ಗುಣ ಒಳ್ಳೆಯದಿರಬೇಕು. ಹಾಗೆ ನೋಡಿದರೆ ಕೋಲಿನ ಪದ್ಧತಿ ಕೈಗೆ ಸುಲಭ, ನೀರಿಗೆ ದುಬಾರಿ. ಕೋಲಿನ ತುದಿಯಿಂದ ನಿಮಿಷಕ್ಕೆ ಒಂದೆರಡು ಲೀಟರ್ ಹರಿಯುತ್ತಲೇ ಇರುತ್ತದೆ, ಜೊತೆಗೆ ಆರ್‌ಒ ಘಟಕ ಶುದ್ಧ ನೀರಿನ ಪಕ್ಕದಲ್ಲೇ ಲವಣ ತುಂಬಿದ ನೀರನ್ನೂ ಹೊರಹಾಕುತ್ತದೆ.

ನೀರು ಕಡಿಮೆಯಾದ ಬೇಸಿಗೆಗಳಲ್ಲಿ ಈ ವ್ಯತ್ಯಾಸ ಕಾನೂನಿನ ಭಾಷೆಗೂ ಇಳಿಯುತ್ತದೆ. 2012ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ದಕ್ಷಿಣ ಮತ್ತು ಪೂರ್ವ ಭಾಗದ ಏಳು ನೀರು ಕಂಪನಿಗಳು ಹೋಸ್‌ಪೈಪ್ ನಿಷೇಧ ಹೇರಿದವು. ಮನೆಯ ಗೋಡೆ, ಕಿಟಕಿಗಳನ್ನು ಪೈಪ್ ಹಿಡಿದು ತೊಳೆಯುವುದೂ ಅಂಥ ನಿಷೇಧದ ಪಟ್ಟಿಯಲ್ಲಿ ಬರುತ್ತದೆ. ಬಕೆಟ್ಟಿಗೆ ಅಡ್ಡಿಯಿಲ್ಲ. ನಿಷೇಧ ಜಾರಿಗೆ ಬಂದದ್ದೇ ತಡ ಮಳೆ ಹಿಡಿದುಕೊಂಡಿತು. ಆ ಏಪ್ರಿಲ್ ಬ್ರಿಟನ್ನಿನ ದಾಖಲೆಗಳಲ್ಲೇ ಅತಿ ಹೆಚ್ಚು ಮಳೆಯ ಏಪ್ರಿಲ್ ಆಯಿತು.

ಬೆಂಗಳೂರಿಗೆ ಹಾಗೆ ಅದೃಷ್ಟ ಒಲಿಯಲಿಲ್ಲ. 2024ರ ಮಾರ್ಚ್‌ನಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ದರ ಏರಿದಾಗ ಜಲಮಂಡಳಿ ವಾಹನ ತೊಳೆಯಲು, ಕೈತೋಟಕ್ಕೆ, ಕಾರಂಜಿಗೆ, ಕಟ್ಟಡ ನಿರ್ಮಾಣಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತು. ಸುಮಾರು 100 ಕಿ.ಮೀ. ದೂರದಿಂದ, ಸುಮಾರು ಅರ್ಧ ಕಿ.ಮೀ. ಎತ್ತರಕ್ಕೆ ಪಂಪ್ ಮಾಡಿ ತರುವ ಕಾವೇರಿ ನೀರನ್ನು ಕಾರಿನ ಮೇಲೆ ಸುರಿಯುವುದು ಎಂದೂ ಸಮರ್ಥನೀಯವಾಗಿರಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ದಿನಕ್ಕೆ 775 ದಶಲಕ್ಷ ಲೀಟರ್ ತರುವ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, ಆದರೂ ಮರುವರ್ಷದ ಬೇಸಿಗೆಗೆ ಮುಂಚೆಯೇ ದಂಡದ ಆದೇಶ ಮತ್ತೆ ಬಂತು.

ಕುಡಿಯುವ ನೀರಿನ ಬದಲು ಸಂಸ್ಕರಿಸಿದ ಕೊಳಚೆ ನೀರು ಬಳಸಿ ಎಂಬ ಸಲಹೆ ಗಿಡಕ್ಕೆ, ಕಾಂಕ್ರೀಟಿಗೆ ಸರಿಹೋಗುತ್ತದೆ. ಗಾಜಿಗೆ ಹೋಗುವುದಿಲ್ಲ. ಸಾಮಾನ್ಯ ಸಂಸ್ಕರಣಾ ಘಟಕ ತೆಗೆಯುವುದು ಕೊಳೆಯನ್ನು, ಕರಗಿದ ಲವಣವನ್ನಲ್ಲ. ಸ್ನಾನ, ಪಾತ್ರೆ, ಬಟ್ಟೆಯ ಲವಣವೆಲ್ಲ ಅದರಲ್ಲಿ ಸೇರಿ ಟಿಡಿಎಸ್ ಮೂಲ ನೀರಿಗಿಂತ ಹೆಚ್ಚೇ ಇರುತ್ತದೆ. ಇದೇ ಕಾರಣಕ್ಕೆ, ಅಡುಗೆಮನೆಯ ಆರ್‌ಒ ಯಂತ್ರ ಹೊರಹಾಕುವ ನೀರನ್ನು ಬಕೆಟ್‌ನಲ್ಲಿ ಹಿಡಿದಿಟ್ಟು ನೆಲ ಒರೆಸುವ ಜಾಣ ಗೃಹಸ್ಥರು ಅದೇ ಬಕೆಟ್ಟಿನಿಂದ ಕಿಟಕಿಗೆ ಕೈ ಹಾಕಬಾರದು. ಯಂತ್ರ ನಮ್ಮ ಲೋಟದಿಂದ ತೆಗೆದ ಲವಣವೆಲ್ಲ ಆ ಬಕೆಟ್‌ನಲ್ಲೇ ಇದೆ. ಕೊಳವೆಬಾವಿಯ ಗಡಸು ನೀರನ್ನು ಪೈಪಿನಿಂದ ಹಾರಿಸಿ ಕಿಟಕಿ ತೊಳೆಯುವುದೂ ಅಷ್ಟೇ ಕೆಟ್ಟದ್ದು. ವರ್ಷಗಟ್ಟಲೆ ಹಾಗೆ ಮಾಡಿದ ಗಾಜಿನ ಮೇಲೆ ಕ್ಯಾಲ್ಸಿಯಂ ಕಲೆ ಕಚ್ಚಿಕೊಂಡು, ಕೊನೆಗೆ ಆಮ್ಲ ಹಾಕಿ ತೆಗೆಸಬೇಕಾಗುತ್ತದೆ. ಆ ಆಮ್ಲಗಳಲ್ಲಿ ಕೆಲವು, ಮುಖ್ಯವಾಗಿ ಹೈಡ್ರೋಫ್ಲೋರಿಕ್ ಆಮ್ಲ, ಕಲೆಯ ಜೊತೆ ಗಾಜನ್ನೂ ತಿನ್ನುತ್ತದೆ, ಚರ್ಮಕ್ಕೆ ತಾಗಿದರೆ ಮನುಷ್ಯನನ್ನೂ.

ಗಾಜಿಗೆ ಹೊಂದುವ ನೀರು ನಮ್ಮ ಕಟ್ಟಡಗಳಲ್ಲೇ ಇದೆ, ದಿನವೂ ಚರಂಡಿ ಸೇರುತ್ತಿದೆ. ಎ.ಸಿ.ಯ ಪೈಪಿನಿಂದ ತೊಟ್ಟಿಕ್ಕುವ ನೀರು ಗಾಳಿಯ ತೇವ ಹನಿಗಟ್ಟಿದ್ದು, ಅಂದರೆ ಹೆಚ್ಚುಕಡಿಮೆ ಬಟ್ಟಿ ಇಳಿಸಿದ ನೀರು. ಲವಣ ತೀರ ಅಲ್ಪ. ಮಂಗಳೂರು, ಉಡುಪಿಯಂಥ ಸೆಕೆಯ ಊರಿನಲ್ಲಿ ಅದು ಬಕೆಟ್‌ಗಟ್ಟಲೆ ಸಿಗುತ್ತದೆ. ಎ.ಸಿ.ಯ ಸುರುಳಿಯ ಧೂಳು ಅದರಲ್ಲಿ ಬರುವುದರಿಂದ ಬಟ್ಟೆಯಲ್ಲಿ ಸೋಸಿಕೊಳ್ಳಬೇಕು, ದಿನಗಟ್ಟಲೆ ಹಿಡಿದಿಡಬಾರದು, ಕುಡಿಯಲಂತೂ ಬಾರದು. ಮಳೆನೀರೂ ಅದೇ ಜಾತಿಯದು. ಬೆಂಗಳೂರಿನಲ್ಲಿ 2009ರಿಂದ ಮಳೆನೀರು ಸಂಗ್ರಹ ಕಡ್ಡಾಯ, ಹೊಸದಾಗಿ ಕಟ್ಟುವ 30-40ರ ನಿವೇಶನಕ್ಕೂ ಅನ್ವಯ. ಗಾಜಿನ ಮುಖದ ಆಫೀಸುಗಳ ತಾರಸಿಗೆ ಬಿದ್ದ ಮಳೆಯನ್ನು ಅದೇ ಗಾಜಿಗೆ ಬಳಸುವುದು ತಂತ್ರಜ್ಞಾನದ ದೃಷ್ಟಿಯಿಂದ ಅತ್ಯಂತ ಸುಲಭ ಕೆಲಸ. ನಿರ್ವಹಣೆಯ ಗುತ್ತಿಗೆ ಪತ್ರದಲ್ಲಿ ನೀರಿನ ಗುಣದ ಬಗ್ಗೆ ಒಂದು ಸಾಲು ಬರೆಸಿದರೆ ಆದೀತು.

ಇನ್ನು ಸಂಜೆಯ ಪ್ರಶ್ನೆ: ಕೆಟ್ಟ ನೀರನ್ನು ಎಲ್ಲಿ ಚೆಲ್ಲುವುದು? ಅಮೆರಿಕದ ಬಹುತೇಕ ನಗರಗಳಲ್ಲಿ ಮಳೆಚರಂಡಿಗೆ ಸೋಪಿನ ನೀರು ಬಿಡುವುದು ತಪ್ಪು. ಮಳೆಚರಂಡಿ ಶುದ್ಧೀಕರಣ ಘಟಕಕ್ಕೆ ಹೋಗದೆ ನೇರ ಹೊಳೆಗೆ, ಕಡಲಿಗೆ ಸೇರುತ್ತದೆ. ಬ್ರಿಟನ್ನಿನಲ್ಲೂ ಶೌಚಾಲಯದ ನೀರು ಹೋಗುವ ಒಳಚರಂಡಿಗೇ ಚೆಲ್ಲಬೇಕು. ಬೆಂಗಳೂರಿನ ಮಳೆಚರಂಡಿ ಎಂದರೆ ರಾಜಕಾಲುವೆ, ರಾಜಕಾಲುವೆ ಎಂದರೆ ಕೆರೆ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದ ದೃಶ್ಯ ಯಾರೂ ಮರೆತಿಲ್ಲ. ಅದನ್ನು ಅಧ್ಯಯನ ಮಾಡಿದ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಸಂಸ್ಕರಿಸದ ಕೊಳಚೆಯಲ್ಲಿನ ಮಾರ್ಜಕಗಳು ಕೆರೆಯ ಹೂಳಿನಲ್ಲಿ ಕೂಡಿಬಿದ್ದು, ಜೋರು ಮಳೆಗೆ ಮೇಲೆದ್ದು ನೊರೆಯಾಗುವುದನ್ನು ತೋರಿಸಿದ್ದಾರೆ. ಆ ನೊರೆಗೆ ನಗರದ ಲಕ್ಷಾಂತರ ವಾಷಿಂಗ್ ಮೆಷಿನ್ನುಗಳು ಕಾರಣವೇ ಹೊರತು ಕಿಟಕಿ ಒರೆಸುವವನ ಒಂದೆರಡು ಚಮಚ ಸೋಪಲ್ಲ. ಆದರೂ ಕಟ್ಟಡದ ಕಾವಲುಗಾರ ಅವನಿಗೆ ಒಳಗಿನ ಶೌಚಾಲಯ ತೋರಿಸದೆ ಗೇಟಿನಾಚೆಯ ಮೋರಿ ತೋರಿಸಿದರೆ, ತಪ್ಪು ಬಕೆಟ್ ಹಿಡಿದವನದಲ್ಲ.

ಚೆಲ್ಲಿದ ಮೇಲೂ ಒಂದು ಕೆಲಸ ಬಾಕಿ. ಮಾಪಿನ ಚೀಲ, ಸೊಂಟದ ಬಟ್ಟೆಗಳನ್ನು ಒಗೆಯಬೇಕು, ಬಟ್ಟೆ ಮೆತ್ತಗಾಗಲೆಂದು ಹಾಕುವ ಸುವಾಸನೆಯ ಕಂಡೀಶನರ್ ಮಾತ್ರ ಹಾಕಬಾರದು. ಅದು ನೂಲಿನೆಳೆಗಳಿಗೆ ಜಿಡ್ಡಿನ ಪದರ ಹಚ್ಚುತ್ತದೆ, ಬಟ್ಟೆ ನೀರು ಹೀರುವುದನ್ನು ಬಿಡುತ್ತದೆ, ಮರುದಿನ ಬೆಳಿಗ್ಗೆ ಮೊದಲ ಗಾಜಿನಿಂದಲೇ ಮಸುಕು ಗೆರೆ ಶುರು. ಹೊಸ ಬಕೆಟ್, ಹೊಸ ನೀರು, ಅಳತೆಯ ಸೋಪು, ಆದರೂ ಗಾಜು ಹೊಳೆಯುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುವ ಹೊಸಬನಿಗೆ ಹಳಬರು ಮೊದಲು ಕೇಳುವುದು, ಬಟ್ಟೆ ಒಗೆದವರು ಯಾರು ಎಂದು.